ಪಂಪಿನ ತಂಟೆಗೆ ಹೋಗುವ ಮುನ್ನ

ರೋಹಿಣಿ ಮಳೆ ಬಿದ್ದು ನೆಲ ಹದಕ್ಕೆ ಬಂದ ಮರುದಿನ ಯಾವ ಊರಿಗೆ ಹೋದರೂ ಒಂದೆರಡು ಮನೆಗಳ ಮುಂದೆ ಹಳೆಯ ಟ್ರ್ಯಾಕ್ಟರಿನ ಸುತ್ತ ಜನ ನೆರೆದಿರುತ್ತಾರೆ. ಸುಗ್ಗಿ ಮುಗಿಸಿ ಬೇವಿನ ಮರದಡಿ ನಿಲ್ಲಿಸಿದ ಗಾಡಿ, ಎರಡು ಮೂರು ತಿಂಗಳಿಂದ ಯಾರೂ ಮುಟ್ಟಿಲ್ಲ. ಈಗ ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುತ್ತಿಲ್ಲ. ಸುತ್ತ ನಿಂತವರಲ್ಲಿ ತಲೆಗೊಂದು ಮಾತು. ಬ್ಯಾಟರಿ ಎನ್ನುವವರು ಕೆಲವರು, ನಾಝಲ್ ಎನ್ನುವವರು ಕೆಲವರು. ಹೊತ್ತು ಏರುತ್ತಿದ್ದಂತೆ ಎಲ್ಲರೂ ಒಂದು ತೀರ್ಮಾನಕ್ಕೆ ಬರುತ್ತಾರೆ: ‘ಪಂಪ್ ಹೋಗಿದೆ.’ ಅಲ್ಲಿಂದ ಮುಂದಿನದು ಗೊತ್ತಿದ್ದದ್ದೇ. ಡೀಸೆಲ್ ಪಂಪನ್ನು ಕಳಚಿ, ಗೋಣಿಚೀಲದಲ್ಲಿ ಸುತ್ತಿ, ಬೈಕಿನ ಹಿಂದೆ ಕಟ್ಟಿಕೊಂಡು ಹುಬ್ಬಳ್ಳಿಗೋ ದಾವಣಗೆರೆಗೋ ಹೊರಡುವುದು. ಬಿತ್ತನೆಯ ಹೊತ್ತಿನಲ್ಲಿ ಪಂಪ್ ರಿಪೇರಿ ಅಂಗಡಿಯವನಿಗೆ ಪುರುಸೊತ್ತು ಎಲ್ಲಿಂದ ಬರಬೇಕು? ಪಂಪ್ ವಾಪಸು ಬರುವಷ್ಟರಲ್ಲಿ ಹದ ಆರಿರುತ್ತದೆ. ಎಷ್ಟೋ ಸಲ ಹೊಸದಾಗಿ ಬಂದ ಪಂಪ್ ಕೂರಿಸಿದ ಮೇಲೂ ಎಂಜಿನ್ ಮೊದಲಿನ ಹಾಗೆಯೇ ಮೊಂಡು ಹಿಡಿದಿರುತ್ತದೆ.

ಪಂಪ್ ಕೆಡುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಸ್ಟಾರ್ಟ್ ಆಗದ ಎಂಜಿನ್ನಿನಲ್ಲಿ ಕಟ್ಟಕಡೆಗೆ ಅನುಮಾನಿಸಬೇಕಾದ ಭಾಗ ಅದು ಎಂಬುದಷ್ಟೇ ನನ್ನ ವಾದ. ಅದಕ್ಕಿಂತ ಮೊದಲು ನೋಡಬೇಕಾದವು ಹತ್ತು ಹದಿನೈದು ಸಂಗತಿಗಳಿವೆ. ಹೆಚ್ಚಿನವಕ್ಕೆ ಖರ್ಚೇ ಇಲ್ಲ, ಬೇಕಾದದ್ದು ಒಂದೆರಡು ಪಾನಾ, ಒಂದು ಸ್ಕ್ರೂಡ್ರೈವರ್ ಮತ್ತು ಕ್ರಮ ತಪ್ಪದೆ ನೋಡುವ ತಾಳ್ಮೆ.

ಹಳೆಯ ಟ್ರ್ಯಾಕ್ಟರ್ ಎಂದರೆ ಇಲ್ಲಿ ನನ್ನ ಕಣ್ಣ ಮುಂದಿರುವುದು ಎಪ್ಪತ್ತು, ಎಂಬತ್ತು, ತೊಂಬತ್ತರ ದಶಕದ ಗಾಡಿಗಳು. ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ ಎಚ್‌ಎಂಟಿ, ಜೆಕೊಸ್ಲೊವಾಕಿಯಾದ ಜೆಟರ್ ಕಂಪನಿಯ ನೆರವಿನಿಂದ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ತಯಾರಿಸತೊಡಗಿತು. ಆ ವಿಭಾಗ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2016ರಲ್ಲಿ. ಕಂಪನಿ ಟ್ರ್ಯಾಕ್ಟರ್ ಬಿಟ್ಟರೂ ಅದರ ಟ್ರ್ಯಾಕ್ಟರ್‌ಗಳು ಹೊಲ ಬಿಟ್ಟಿಲ್ಲ. ಮಹೀಂದ್ರ 275, ಮ್ಯಾಸಿ 1035 ಮುಂತಾದ ಅದೇ ಕಾಲದ ಗಾಡಿಗಳೂ ಹಾಗೆಯೇ ಓಡುತ್ತಿವೆ. ಇವುಗಳಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ರೋಗ ಏನೇ ಇದ್ದರೂ ಅದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ, ಇಲ್ಲವೇ ಕೈಗೆ ತಾಗುತ್ತದೆ. ಹೊಸ ಗಾಡಿಗಳಿಗೆ ಇಲ್ಲದ ಭಾಗ್ಯ ಇದು.

ಮೊದಲು ಎಂಜಿನ್ ಸ್ಟಾರ್ಟ್ ಆಗುವುದೆಂದರೆ ಏನು ಎಂದು ನೋಡೋಣ. ಬೈಕಿನ ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸಲು ಪ್ಲಗ್ ಇದೆ. ಡೀಸೆಲ್ ಎಂಜಿನ್ನಿನಲ್ಲಿ ಅಂಥ ಕಿಡಿ ಇಲ್ಲ. ಜರ್ಮನಿಯ ರುಡಾಲ್ಫ್ ಡೀಸೆಲ್ 1892ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1897ರ ಹೊತ್ತಿಗೆ ಓಡಿಸಿ ತೋರಿಸಿದ ಉಪಾಯವೇ ಬೇರೆ: ಗಾಳಿಯನ್ನು ಬಲವಾಗಿ ಒತ್ತಿದರೆ ಅದು ತಾನೇ ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಅದೇ ಸಂಗತಿ. ಟ್ರ್ಯಾಕ್ಟರ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬರುವಾಗ ಒಳಗಿನ ಗಾಳಿ ಹದಿನಾರು ಹದಿನೇಳು ಪಟ್ಟು ಕುಗ್ಗುತ್ತದೆ, ಅದರ ಬಿಸಿ ಐನೂರು ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಡೀಸೆಲ್ ಹೊತ್ತಿಕೊಳ್ಳಲು ಇನ್ನೂರ ಚಿಲ್ಲರೆ ಡಿಗ್ರಿ ಸಾಕು. ಆ ಕಾದ ಗಾಳಿಯೊಳಕ್ಕೆ ನಾಝಲ್ ಡೀಸೆಲನ್ನು ಮಂಜಿನಂತೆ ಚಿಮ್ಮಿಸಿದ ಕ್ಷಣವೇ ಬೆಂಕಿ.

ಅಂದ ಮೇಲೆ ಎಂಜಿನ್ನಿಗೆ ಬೇಕಾದದ್ದು ಮೂರೇ. ಸಾಕಷ್ಟು ವೇಗವಾಗಿ ತಿರುಗಬೇಕು. ಒತ್ತಿದ ಗಾಳಿ ಸೋರದೆ ನಿಲ್ಲಬೇಕು. ಸರಿಯಾದ ಹೊತ್ತಿಗೆ ಡೀಸೆಲ್ ಮಂಜಾಗಿ ಬೀಳಬೇಕು. ಸ್ಟಾರ್ಟ್ ಆಗದ ಎಂಜಿನ್ನಿನಲ್ಲಿ ಈ ಮೂರರಲ್ಲಿ ಒಂದು ಕೊರತೆ ಇದ್ದೇ ಇರುತ್ತದೆ. ಯಾವುದು ಎಂಬುದನ್ನು ಸೆಲ್ಫ್ ಹೊಡೆದಾಗಿನ ಸದ್ದು ಮತ್ತು ಸೈಲೆನ್ಸರಿನ ಹೊಗೆ ಹೇಳುತ್ತವೆ.

ಅದಕ್ಕೂ ಮೊದಲು ನೋಡಲೇಬೇಕಾದ ಒಂದು ಚಿಕ್ಕ ಸಂಗತಿಯಿದೆ. ಈ ಗಾಡಿಗಳನ್ನು ಆಫ್ ಮಾಡುವುದು ಕೀಲಿಯಿಂದಲ್ಲ, ಸ್ಟಾಪ್ ನಾಬ್ ಎಳೆದು. ಎಳೆದ ನಾಬ್ ವಾಪಸು ಒಳಗೆ ಹೋಗಿರದಿದ್ದರೆ ಪಂಪ್ ಒಂದು ಹನಿ ಡೀಸೆಲನ್ನೂ ಕೊಡುವುದಿಲ್ಲ. ನಾಬ್ ಒಳಗೆ ಹೋಗಿದ್ದರೂ ತುಕ್ಕು ಹಿಡಿದ ವೈರ್ ಪಂಪಿನ ಮೇಲಿರುವ ಲಿವರನ್ನು ಅರ್ಧಕ್ಕೇ ನಿಲ್ಲಿಸಿರಬಹುದು. ಆದ್ದರಿಂದ ನಾಬ್ ನೋಡಿದರೆ ಸಾಲದು, ಬಾನೆಟ್ ಎತ್ತಿ ಲಿವರನ್ನು ಬೆರಳಿನಿಂದ ತಳ್ಳಿ ನೋಡಬೇಕು. ಟ್ಯಾಂಕಿನ ಕೆಳಗಿನ ಡೀಸೆಲ್ ಕಾಕ್ ತೆರೆದಿದೆಯೇ ಎಂಬುದನ್ನೂ ಇದೇ ಹೊತ್ತಿಗೆ ನೋಡಿ. ಮಕ್ಕಳು ಆಡುವಾಗ ತಿರುಗಿಸಿಟ್ಟಿರುತ್ತಾರೆ. ನಗಬೇಡಿ, ಹೀಗಾಗಿದ್ದಕ್ಕೇ ಮೇಸ್ತ್ರಿಗೆ ದುಡ್ಡು ಕೊಟ್ಟವರಿದ್ದಾರೆ.

ಈಗ ಸೆಲ್ಫ್ ಹೊಡೆಯಿರಿ, ಕಿವಿಗೊಡಿ.

ಏನೂ ಸದ್ದಿಲ್ಲ, ಅಥವಾ ‘ಟಕ್’ ಎಂದು ಒಂದು ಸಲ ಹೊಡೆದು ಸುಮ್ಮನಾಯಿತು ಎನ್ನಿ. ಆಗ ಡೀಸೆಲಿನ ಮಾತೇ ಬೇಡ. ಹೆಡ್‌ಲೈಟ್ ಹಾಕಿಕೊಂಡು ಇನ್ನೊಮ್ಮೆ ಸೆಲ್ಫ್ ಹೊಡೆದು ನೋಡಿ. ಲೈಟ್ ಪೂರಾ ಕಂದಿಹೋದರೆ ಬ್ಯಾಟರಿಯಲ್ಲಿ ಕಸುವಿಲ್ಲ, ಇಲ್ಲವೇ ಟರ್ಮಿನಲ್ ಹಿಡಿತದಲ್ಲಿಲ್ಲ. ಲೈಟ್ ಚೂರೂ ಕುಂದದೆ ಹಾಗೆಯೇ ಉರಿಯುತ್ತಿದ್ದರೆ ಬ್ಯಾಟರಿಯಲ್ಲಿ ಕರೆಂಟ್ ಇದೆ, ಸೆಲ್ಫ್ ಮೋಟಾರಿಗೆ ತಲುಪುತ್ತಿಲ್ಲ ಎಂದರ್ಥ. ಆಗ ಕೀ ಸ್ವಿಚ್ಚು, ಸೊಲೆನಾಯ್ಡು, ಗೇರ್ ನ್ಯೂಟ್ರಲ್‌ನಲ್ಲಿದ್ದರೆ ಅಥವಾ ಕ್ಲಚ್ ಒತ್ತಿದರೆ ಮಾತ್ರ ಸ್ಟಾರ್ಟ್ ಆಗುವಂತೆ ಇಟ್ಟಿರುವ ಸೇಫ್ಟಿ ಸ್ವಿಚ್ಚು, ಇವುಗಳನ್ನು ನೋಡಬೇಕು.

ಇನ್ನು ಎಂಜಿನ್ ತಿರುಗುತ್ತದೆ, ಆದರೆ ನಿಧಾನವಾಗಿ ನರಳುತ್ತ ತಿರುಗುತ್ತದೆ ಎನ್ನುವುದು ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವ ಲಕ್ಷಣ. ‘ತಿರುಗುತ್ತಿದೆಯಲ್ಲ, ಬ್ಯಾಟರಿ ಸರಿ ಇದೆ’ ಎಂದು ಎಲ್ಲರೂ ಡೀಸೆಲಿನ ಕಡೆ ತಿರುಗುತ್ತಾರೆ. ಡೀಸೆಲ್ ಎಂಜಿನ್ನಿಗೆ ತಿರುಗಿದರೆ ಸಾಲದು, ನಿಮಿಷಕ್ಕೆ ನೂರೈವತ್ತು ಇನ್ನೂರು ಸುತ್ತಾದರೂ ಬೇಕು. ಅದಕ್ಕಿಂತ ನಿಧಾನವಾದರೆ ಒತ್ತಿದ ಗಾಳಿಗೆ ರಿಂಗ್‌ಗಳ ಸಂದಿಯಿಂದ ಜಾರಿಕೊಳ್ಳಲು ಸಮಯ ಸಿಗುತ್ತದೆ, ಹುಟ್ಟಿದ ಬಿಸಿಯನ್ನು ತಣ್ಣನೆಯ ಗೋಡೆಗಳು ಹೀರಿಕೊಳ್ಳುತ್ತವೆ. ಪಂಪ್, ನಾಝಲ್, ರಿಂಗ್ ಎಲ್ಲ ಸರಿಯಿದ್ದೂ ಎಂಜಿನ್ ಹೊತ್ತಿಕೊಳ್ಳುವುದಿಲ್ಲ.

ಬ್ಯಾಟರಿಯ ಸತ್ಯ ತಿಳಿಯಲು ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಗಾಡಿ ಸುಮ್ಮನೆ ನಿಂತಿರುವಾಗ 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ತುಂಬಿದೆ. 12.2 ಎಂದರೆ ಸುಮಾರು ಅರ್ಧ. ಅಸಲು ಪರೀಕ್ಷೆ ಸೆಲ್ಫ್ ಹೊಡೆಯುವಾಗಿನದು. ಆಗ 9.6ರ ಕೆಳಗೆ ಕುಸಿದರೆ ಬ್ಯಾಟರಿಗೆ ವಯಸ್ಸಾಗಿದೆ, ಚಾರ್ಜ್ ಮಾಡಿಸಿದರೂ ಅದು ನಾಲ್ಕು ದಿನದ ಮಾತು. ಆದರೆ ಬ್ಯಾಟರಿಯ ಮೇಲೆ ಹನ್ನೊಂದು ವೋಲ್ಟಿಗಿಂತ ಹೆಚ್ಚೇ ಉಳಿದಿದೆ, ಎಂಜಿನ್ ಮಾತ್ರ ನರಳುತ್ತಿದೆ ಎಂದಾದರೆ? ಆಗ ದಾರಿಯಲ್ಲಿ ಎಲ್ಲೋ ತಡೆಯಿದೆ. ಸೆಲ್ಫ್ ಮೋಟಾರ್ ಎಳೆಯುವುದು ನೂರಾರು ಆಂಪಿಯರ್. ಅಷ್ಟು ಕರೆಂಟ್ ಹಾಯುವ ದಾರಿಯಲ್ಲಿ ಒಂದು ಸಡಿಲ ನಟ್ಟು, ಟರ್ಮಿನಲ್ ಮೇಲಿನ ಬಿಳಿ ಹಸಿರು ಪುಡಿ, ಬಣ್ಣದ ಮೇಲೆಯೇ ಬಿಗಿದ ಅರ್ಥ್ ಕೇಬಲ್ ಯಾವುದಾದರೂ ಅರ್ಧ ಶಕ್ತಿಯನ್ನು ನುಂಗಿಬಿಡುತ್ತದೆ. ಪತ್ತೆ ಮಾಡುವುದು ಸುಲಭ. ಹತ್ತು ಸೆಕೆಂಡ್ ಸೆಲ್ಫ್ ಹೊಡೆದು ಇಳಿದು ಬಂದು, ಕೇಬಲ್ಲಿನ ಪ್ರತಿ ಸೇರಿಕೆಯನ್ನೂ ಕೈಯಿಂದ ಮುಟ್ಟಿ ನೋಡಿ. ಎಲ್ಲಿ ಬಿಸಿಯಾಗಿದೆಯೋ ಅಲ್ಲಿದೆ ರೋಗ. ಬಿಸಿನೀರಿಗೆ ಅಡುಗೆ ಸೋಡ ಹಾಕಿ ತೊಳೆದು, ಉಪ್ಪುಕಾಗದದಿಂದ ಉಜ್ಜಿ, ಲೋಹ ಹೊಳೆಯುವಂತೆ ಮಾಡಿ ಬಿಗಿದರೆ ಎಷ್ಟೋ ‘ಪಂಪ್ ಹೋದ’ ಟ್ರ್ಯಾಕ್ಟರ್‌ಗಳು ಅಲ್ಲೇ ಎದ್ದು ನಿಲ್ಲುತ್ತವೆ. ಅರ್ಥ್ ಕೇಬಲ್ಲನ್ನು ಮರೆಯಬೇಡಿ, ಎಲ್ಲರೂ ಪ್ಲಸ್ ಕಡೆಯನ್ನಷ್ಟೇ ಉಜ್ಜುತ್ತಾರೆ.

ಎಂಜಿನ್ ಎಣ್ಣೆಯೂ ಇಲ್ಲಿ ಪಾತ್ರಧಾರಿಯೇ. ಎಂಜಿನ್ ಹೊಗೆ ಕಾರುತ್ತದೆಂದು ದಪ್ಪ ಎಣ್ಣೆ ಹಾಕಿಸುವ ರೂಢಿ ನಮ್ಮಲ್ಲಿದೆ. ಹೊಗೆ ಕೊಂಚ ಅಡಗುತ್ತದೆ, ಬೆಳಗಿನ ಚಳಿಯಲ್ಲಿ ಸೆಲ್ಫ್ ಮೋಟಾರ್ ಮಾತ್ರ ಕೆಸರಿನಲ್ಲಿ ಸಿಕ್ಕಿದ ಹಾಗಾಗುತ್ತದೆ.

ಎಂಜಿನ್ ಒಂದಿಂಚೂ ಅಲುಗದೆ ಸೆಲ್ಫ್ ಮೋಟಾರ್ ‘ಗಕ್’ ಎಂದು ನಿಂತರೆ ಅಲ್ಲಿಗೇ ಕೈಬಿಡಿ. ಮೇಲ್ಮುಖವಾಗಿರುವ ಸೈಲೆನ್ಸರಿಗೆ ಮುಚ್ಚಳವಿಲ್ಲದೆ ಮಳೆಯಲ್ಲಿ ನಿಂತ ಗಾಡಿಯಾದರೆ ಸಿಲಿಂಡರಿನೊಳಗೆ ನೀರು ನಿಂತಿರಬಹುದು. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಬಲವಂತ ಮಾಡಿದರೆ ಬಾಗುವುದು ಕನೆಕ್ಟಿಂಗ್ ರಾಡ್. ನಾಝಲ್‌ಗಳನ್ನು ಬಿಚ್ಚಿ, ಮುಂದಿನ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಕೈಯಿಂದಲೇ ತಿರುಗಿಸಿ ನೀರು ಹೊರಹಾಕಬೇಕು. ಸೈಲೆನ್ಸರ್ ಮೇಲೆ ಖಾಲಿ ಡಬ್ಬಿ ಬೋರಲು ಹಾಕಿಡುವ ಹಿರಿಯರ ಅಭ್ಯಾಸಕ್ಕೆ ಕಾರಣ ಇದೇ.

ಸರಿ, ಎಂಜಿನ್ ಚುರುಕಾಗಿ ತಿರುಗುತ್ತಿದೆ, ಆದರೂ ಹೊತ್ತಿಕೊಳ್ಳುತ್ತಿಲ್ಲ. ಈಗ ಒಬ್ಬರು ಸೀಟಿನ ಮೇಲೆ, ಇನ್ನೊಬ್ಬರು ಸೈಲೆನ್ಸರಿನ ಕಡೆ ಕಣ್ಣಿಟ್ಟು ನಿಲ್ಲಬೇಕು. ಸೆಲ್ಫ್ ಹೊಡೆಯುವಾಗ ಹೊಗೆ ಬರುತ್ತಿದೆಯೇ? ಬೂದು ಬಿಳಿ ಬಣ್ಣದ, ಕಣ್ಣುರಿಸುವ ಹಸಿ ಡೀಸೆಲ್ ವಾಸನೆಯ ಹೊಗೆ ಬಂದರೆ ಡೀಸೆಲ್ ಸಿಲಿಂಡರಿಗೆ ಬೀಳುತ್ತಿದೆ, ಉರಿಯುತ್ತಿಲ್ಲ. ಅಂದರೆ ಬಿಸಿ ಸಾಲದು: ತಿರುಗುವ ವೇಗ ಸಾಲದು, ಗಾಳಿ ಸೋರುತ್ತಿದೆ, ನಾಝಲ್ ಮಂಜಿನ ಬದಲು ಹನಿ ಉದುರಿಸುತ್ತಿದೆ, ಇಲ್ಲವೇ ಯಾರೋ ಪಂಪ್ ಬಿಚ್ಚಿ ಮತ್ತೆ ಕೂರಿಸುವಾಗ ಟೈಮಿಂಗ್ ತಪ್ಪಿಸಿದ್ದಾರೆ. ಕರಿ ಹೊಗೆ ಕಾರಿದರೆ ಗಾಳಿಯ ದಾರಿ ನೋಡಿ. ಏರ್ ಫಿಲ್ಟರಿನ ಎಣ್ಣೆ ಬಟ್ಟಲು ಕೆಸರಾಗಿರುತ್ತದೆ, ಒಳಗೆ ಇಲಿ ಗೂಡು ಕಟ್ಟಿರುತ್ತದೆ. ಹೊಗೆಯೇ ಇಲ್ಲ, ಸೈಲೆನ್ಸರಿನಿಂದ ಬರೀ ಗಾಳಿ ಬರುತ್ತಿದೆ ಎಂದರೆ ಡೀಸೆಲ್ ಒಳಗೆ ತಲುಪುತ್ತಿಲ್ಲ. ತಿಂಗಳುಗಟ್ಟಲೆ ನಿಂತ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವುದು ಈ ಕೊನೆಯದು. ಪಂಪಿನ ಮೇಲೆ ಅಪವಾದ ಬರುವುದೂ ಇಲ್ಲಿಯೇ.

ಡೀಸೆಲ್ ಹರಿಯುವ ದಾರಿ ಹೀಗಿದೆ. ಟ್ಯಾಂಕಿನಿಂದ ಕಾಕ್, ಅಲ್ಲಿಂದ ಕಸ ಮತ್ತು ನೀರು ತಂಗುವ ಗಾಜಿನ ಬಟ್ಟಲು, ಆಮೇಲೆ ಫೀಡ್ ಪಂಪ್, ಎರಡು ಫಿಲ್ಟರ್‌ಗಳು, ಮುಖ್ಯ ಪಂಪ್, ಅಲ್ಲಿಂದ ತೆಳು ಉಕ್ಕಿನ ಪೈಪುಗಳಲ್ಲಿ ನಾಝಲ್. ಈ ಇಡೀ ದಾರಿಯಲ್ಲಿ ದ್ರವ ಮಾತ್ರ ತುಂಬಿರಬೇಕು. ಮುಖ್ಯ ಪಂಪ್ ಡೀಸೆಲನ್ನು ಸುಮಾರು ಇನ್ನೂರು ಬಾರ್ ಒತ್ತಡಕ್ಕೆ ಏರಿಸಿದರೆ ಮಾತ್ರ ನಾಝಲ್ ಬಾಯಿ ತೆರೆಯುತ್ತದೆ. ಟ್ರ್ಯಾಕ್ಟರಿನ ಹಿಂದಿನ ಟೈರಿನಲ್ಲಿ ಇರುವುದು ಹೆಚ್ಚುಕಡಿಮೆ ಒಂದು ಬಾರ್, ಅಂದಾಜಿಗೆ ಹೇಳಿದೆ. ಪೈಪಿನಲ್ಲಿ ಒಂದು ಗುಳ್ಳೆ ಗಾಳಿ ಸೇರಿದರೂ ಪಂಪ್ ಒತ್ತುವುದು ಆ ಗುಳ್ಳೆಯನ್ನು. ಅದು ಕುಗ್ಗುತ್ತದೆ, ಹಿಗ್ಗುತ್ತದೆ. ಒತ್ತಡ ಏರುವುದೇ ಇಲ್ಲ, ನಾಝಲ್ ತೆರೆಯುವುದೇ ಇಲ್ಲ. ಇದನ್ನೇ ನಮ್ಮವರು ‘ಏರ್ ಹಿಡಿದಿದೆ’ ಎನ್ನುವುದು.

ಏರ್ ತೆಗೆಯುವ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು. ಫಿಲ್ಟರ್ ತಲೆಯ ಮೇಲಿನ ಸಣ್ಣ ಬ್ಲೀಡಿಂಗ್ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿ. ಸುತ್ತಲಿನ ಮಣ್ಣನ್ನು ಮೊದಲೇ ಒರೆಸಿರಬೇಕು, ಇಲ್ಲದಿದ್ದರೆ ಅದೂ ಒಳಗೆ ಹೋಗುತ್ತದೆ. ಫೀಡ್ ಪಂಪಿನ ಮೇಲಿನ ಕೈಪಂಪಿನ ಗುಬುಟನ್ನು ತಿರುಗಿಸಿ ಬಿಡಿಸಿ, ಒತ್ತುತ್ತ ಎತ್ತುತ್ತ ಹೋಗಿ. ಮೊದಲು ಸ್ಕ್ರೂವಿನ ಬುಡದಲ್ಲಿ ಸೋಪಿನ ನೊರೆಯಂಥ ಬಿಳಿ ಡೀಸೆಲ್ ಬುಸುಗುಡುತ್ತದೆ. ಆಮೇಲೆ ದೊಡ್ಡ ಗುಳ್ಳೆಗಳು ಬಿಟ್ಟು ಬಿಟ್ಟು ಬರುತ್ತವೆ. ಕೊನೆಗೆ ನೊರೆಯಿಲ್ಲದ, ತಿಳಿಯಾದ ಡೀಸೆಲ್ ಒಂದೇ ಧಾರೆಯಾಗಿ ಇಳಿಯುತ್ತದೆ. ಕೈಪಂಪ್ ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು, ಬಿಟ್ಟು ಬಿಗಿದರೆ ಗಾಳಿ ಮತ್ತೆ ಒಳಸೇರುತ್ತದೆ. ಎರಡನೆಯ ಫಿಲ್ಟರಿಗೂ ಮುಖ್ಯ ಪಂಪಿನ ಪಕ್ಕದ ಸ್ಕ್ರೂವಿಗೂ ಇದೇ ಕ್ರಮ. ಟ್ಯಾಂಕಿನ ಕಡೆಯಿಂದ ನಾಝಲ್ ಕಡೆಗೆ ಸಾಗಬೇಕು, ಹಿಂದುಮುಂದಾದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಎಷ್ಟು ಒತ್ತಿದರೂ ಗುಳ್ಳೆ ನಿಲ್ಲದಿದ್ದರೆ? ಅಥವಾ ಏರ್ ತೆಗೆದ ದಿನ ಚೆನ್ನಾಗಿ ಓಡಿ, ರಾತ್ರಿ ನಿಂತ ಮೇಲೆ ಬೆಳಗ್ಗೆ ಮತ್ತೆ ಅದೇ ಕಥೆಯಾದರೆ? ಎಲ್ಲಿಂದಲೋ ಗಾಳಿ ಸೇರುತ್ತಿದೆ. ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. ಫೀಡ್ ಪಂಪಿನಿಂದ ಮುಂದಿನ ಪೈಪುಗಳಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ಸೋರಿ ಒದ್ದೆ ಕಾಣುತ್ತದೆ. ಟ್ಯಾಂಕಿಗೂ ಫೀಡ್ ಪಂಪಿಗೂ ನಡುವಿನ ಪೈಪಿನಲ್ಲಿ ಮಾತ್ರ ಕೆಲಸ ನಡೆಯುವುದು ಹೀರುವ ಬಲದಿಂದ. ಅಲ್ಲಿ ಕೂದಲೆಳೆಯ ಬಿರುಕು ಇದ್ದರೆ ಡೀಸೆಲ್ ಹನಿಯೂ ಹೊರಗೆ ಬರದೆ ಗಾಳಿ ಒಳಗೆ ಹೋಗುತ್ತದೆ. ಹೊರಗಿನಿಂದ ಎಲ್ಲ ಒಣಗಿ ಚೊಕ್ಕಟವಾಗಿರುತ್ತದೆ. ಬಿಸಿಲಿಗೆ ಒಣಗಿ ಗಟ್ಟಿಯಾದ ರಬ್ಬರ್ ಪೈಪು, ಸಡಿಲವಾದ ಕ್ಲಿಪ್ಪು, ಹತ್ತಾರು ಸಲ ಬಿಚ್ಚಿ ಹಾಕಿದ ಅದೇ ತಾಮ್ರದ ವಾಷರ್ ಇದಕ್ಕೆಲ್ಲ ಕಾರಣ. ತಾಮ್ರದ ವಾಷರ್ ಒಂದು ಸಲ ಒತ್ತಿಸಿಕೊಂಡ ಮೇಲೆ ಗಡುಸಾಗುತ್ತದೆ. ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಹೊಸದರ ಬೆಲೆ ಚಹಾದ ಬೆಲೆಗಿಂತ ಹೆಚ್ಚೇನಿಲ್ಲ, ಹೊಸದನ್ನೇ ಹಾಕಿ.

ಗಾಳಿಯ ನಂತರದ ವೈರಿ ನೀರು. ಅರ್ಧ ಖಾಲಿ ಟ್ಯಾಂಕಿನೊಳಗಿನ ತೇವದ ಗಾಳಿ ರಾತ್ರಿ ತಣ್ಣಗಾಗಿ ಹನಿಗಟ್ಟುತ್ತದೆ, ಆ ಹನಿ ಡೀಸೆಲಿಗಿಂತ ಭಾರವಾದ್ದರಿಂದ ತಳ ಸೇರುತ್ತದೆ. ಗಾಜಿನ ಬಟ್ಟಲಿನ ತಳದಲ್ಲಿ ಅಲುಗಾಡುವ ಬೇರೆಯೇ ಒಂದು ಪದರ ಕಂಡರೆ ಅದೇ. ಟ್ಯಾಂಕಿನ ಕೆಳಗಿನ ಬೋಲ್ಟ್ ಬಿಚ್ಚಿ ಮೊದಲ ಲೋಟವನ್ನು ಗಾಜಿನ ಬಾಟಲಿಗೆ ಹಿಡಿದು ಸ್ವಲ್ಪ ಹೊತ್ತು ಇಟ್ಟರೆ ಟ್ಯಾಂಕಿನ ಹೊಟ್ಟೆಯಲ್ಲಿರುವುದೆಲ್ಲ ಬಯಲಾಗುತ್ತದೆ: ನೀರು, ತುಕ್ಕು, ಕಪ್ಪು ಲೋಳೆ. ಫೀಡ್ ಪಂಪಿನ ಬಾಯಲ್ಲಿ ಒಂದು ಚಿಕ್ಕ ಜಾಲರಿ ಇರುತ್ತದೆ. ಫಿಲ್ಟರ್ ಬದಲಿಸುವವರೂ ಅದನ್ನು ತೆರೆದು ನೋಡುವುದಿಲ್ಲ. ಇನ್ನು ಟ್ಯಾಂಕಿನ ಮುಚ್ಚಳ ಕಳೆದುಹೋಗಿ ಪ್ಲಾಸ್ಟಿಕ್ ಹಾಳೆ ಬಿಗಿದು ಕಟ್ಟಿದ ಗಾಡಿಗಳು ಊರಿಗೆ ನಾಲ್ಕಾದರೂ ಇವೆ. ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ತೂತಿರುವುದು ಸುಮ್ಮನೆ ಅಲ್ಲ. ಡೀಸೆಲ್ ಖಾಲಿಯಾದಷ್ಟು ಗಾಳಿ ಒಳಬರದಿದ್ದರೆ ಫೀಡ್ ಪಂಪ್ ಹೀರಲಾರದು. ಗಾಡಿ ಸ್ಟಾರ್ಟ್ ಆಗಿ, ಒಂದಿಷ್ಟು ಹೊತ್ತು ಓಡಿ, ನಿಂತು, ಮತ್ತೆ ಏಳದಿದ್ದರೆ ಮೊದಲು ಮುಚ್ಚಳ ತೆಗೆದು ನೋಡಿ. ‘ಫಸ್’ ಎಂದು ಗಾಳಿ ಎಳೆದುಕೊಂಡರೆ ಕಾರಣ ಸಿಕ್ಕಿತು.

ಪಂಪಿನ ತನಕ ಗುಳ್ಳೆಯಿಲ್ಲದ ಡೀಸೆಲ್ ಬಂದಾಯಿತು. ಈಗ ಪಂಪಿನ ಪರೀಕ್ಷೆ, ಅದನ್ನು ಬಿಚ್ಚದೆಯೇ. ಪ್ರತಿ ನಾಝಲ್ ಮೇಲಿನ ಪೈಪಿನ ನಟ್ಟನ್ನು ಒಂದು ಸುತ್ತು ಸಡಿಲಿಸಿ, ಆಕ್ಸಿಲರೇಟರ್ ಪೂರ್ತಿ ಕೊಟ್ಟು ಸೆಲ್ಫ್ ಹೊಡೆಸಿ. ನಟ್ಟಿನ ಬುಡದಲ್ಲಿ ಡೀಸೆಲ್ ಒಂದೊಂದಾಗಿ ಉಕ್ಕಿದರೆ ಪಂಪ್ ಕೆಲಸ ಮಾಡುತ್ತಿದೆ. ಗಾಳಿ ಹೋಗಿ ಬರೀ ಡೀಸೆಲ್ ಬರತೊಡಗಿದ ಮೇಲೆ ನಟ್ಟುಗಳನ್ನು ಬಿಗಿಯಿರಿ. ಬಹುತೇಕ ಗಾಡಿಗಳು ಮೂರನೆಯ ನಟ್ಟು ಬಿಗಿಯುವಾಗಲೇ ‘ಡಬಡಬ’ ಎಂದು ಒಂದೆರಡು ಸಿಲಿಂಡರ್ ಹೊತ್ತಿಸಿಕೊಳ್ಳುತ್ತವೆ. ಒಂದು ಎಚ್ಚರಿಕೆ: ಉಕ್ಕುವ ಡೀಸೆಲ್ ನೋಡಲು ಬೆರಳು ಇಡಬೇಡಿ, ರಟ್ಟಿನ ಚೂರು ಹಿಡಿಯಿರಿ. ಅಷ್ಟು ಒತ್ತಡದ ಡೀಸೆಲ್ ಚರ್ಮ ಸೀಳಿ ಮಾಂಸದೊಳಕ್ಕೆ ನುಗ್ಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ಒಳಗೆ ಕೊಳೆತ. ಹಾಗಾದರೆ ನೋವಿಲ್ಲದಿದ್ದರೂ ಆ ಗಳಿಗೆಯೇ ಆಸ್ಪತ್ರೆಗೆ ಹೋಗಬೇಕು, ಬೆರಳು ಕಳೆದುಕೊಂಡವರಿದ್ದಾರೆ.

ಪಂಪಿನ ಬಗ್ಗೆ ನ್ಯಾಯವಾಗಿ ಹೇಳಬೇಕಾದ್ದನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯನ್ನು ಯಾರು ಕೇಳಿಲ್ಲ? 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯೇ ಅದು, 2008ರಲ್ಲಿ ಹೆಸರು ಬಾಷ್ ಎಂದಾಯಿತು. ಹಳ್ಳಿ ಬಾಯಲ್ಲಿ ಇಂದಿಗೂ ಡೀಸೆಲ್ ಪಂಪ್ ಎಂದರೆ ಮೈಕೋ ಪಂಪೇ. ಅದರೊಳಗಿನ ಎಲಿಮೆಂಟಿನ ಕಡ್ಡಿಗೂ ಅದರ ಕೊಳವೆಗೂ ನಡುವಿನ ಸಂದಿ ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು. ಅಷ್ಟು ನಿಕಟವಾದ ಕೆಲಸವನ್ನು ಮರದ ಕೆಳಗೆ, ಗೋಣಿಚೀಲದ ಮೇಲೆ ಬಿಚ್ಚುವುದು ಅನ್ಯಾಯ. ಪಂಪ್ ನಿಜಕ್ಕೂ ಸವೆದಿದ್ದರೆ ಅದಕ್ಕೆ ಅದರದೇ ಲಕ್ಷಣವಿದೆ: ಬೆಳಗ್ಗೆ ತಣ್ಣಗಿರುವಾಗ ಸುಲಭವಾಗಿ ಸ್ಟಾರ್ಟ್ ಆಗುವ ಗಾಡಿ ಮಧ್ಯಾಹ್ನ ದುಡಿದು ಬಿಸಿಯಾದ ಮೇಲೆ ಆಫ್ ಮಾಡಿದರೆ ಮತ್ತೆ ಏಳುವುದಿಲ್ಲ. ಬಿಸಿ ಡೀಸೆಲ್ ತೆಳುವಾಗಿ ಸವೆದ ಸಂದಿಯಿಂದ ಜಾರುವುದೇ ಇದಕ್ಕೆ ಕಾರಣ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಸಿ ತಣಿಸಿದ ಮೇಲೆ ಸ್ಟಾರ್ಟ್ ಆಯಿತೆಂದರೆ ಆಗ ಧೈರ್ಯವಾಗಿ ಪಂಪನ್ನು ದೂರಬಹುದು. ಬಹಳ ದಿನ ನಿಂತ ಗಾಡಿಯಲ್ಲಿ ಡೀಸೆಲ್ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡುವ, ಪಂಪಿನೊಳಗಿನ ರ‍್ಯಾಕ್ ತುಕ್ಕು ಅಥವಾ ಜಿಡ್ಡಿನಿಂದ ಸ್ಟಾಪ್ ಜಾಗದಲ್ಲೇ ಅಂಟಿಕೊಳ್ಳುವುದೂ ಉಂಟು. ಪಕ್ಕದ ತಗಡು ತೆಗೆದು, ರ‍್ಯಾಕ್ ಸಲೀಸಾಗಿ ಹಿಂದೆ ಮುಂದೆ ಜಾರುತ್ತದೆಯೇ ಎಂದು ತಿಳಿದವರಿಂದ ನೋಡಿಸಿದರೆ ಸಾಕು. ಇವಿಷ್ಟೂ ಇಲ್ಲದೆ ಪಂಪ್ ಕಳಚಿದರೆ ಇದ್ದ ರೋಗದ ಜೊತೆಗೆ ಟೈಮಿಂಗ್ ತಪ್ಪಿಸುವ ಹೊಸ ರೋಗವನ್ನೂ ತಂದುಕೊಂಡಂತೆ.

ಇನ್ನುಳಿದದ್ದು ಗಾಳಿಯ ಸೋರಿಕೆ, ಅಂದರೆ ಕಂಪ್ರೆಷನ್. ಎಲ್ಲ ಸಿಲಿಂಡರ್ ಸರಿಯಿದ್ದರೆ ಸೆಲ್ಫ್ ಹೊಡೆಯುವಾಗ ಒಂದೇ ಲಯದ ಸದ್ದು ಬರುತ್ತದೆ. ಒಂದು ಕಡೆ ಸಡಿಲವಿದ್ದರೆ ಲಯ ತಪ್ಪುತ್ತದೆ. ಎಲ್ಲ ಕಡೆ ಸಡಿಲವಿದ್ದರೆ ಯಾವ ಅಡ್ಡಿಯೂ ಇಲ್ಲದಂತೆ ಎಂಜಿನ್ ಸರಸರ ತಿರುಗುತ್ತದೆ, ಅದನ್ನು ಕೇಳಿ ‘ಬ್ಯಾಟರಿ ಭಾರಿ ಚೆನ್ನಾಗಿದೆ’ ಎಂದು ಹಿಗ್ಗುವವರೂ ಇದ್ದಾರೆ. ಸೋರುವ ಜಾಗವನ್ನೂ ಕಿವಿಯಿಂದ ಹಿಡಿಯಬಹುದು. ಎಣ್ಣೆ ಹಾಕುವ ಬಾಯಿಂದ ಬುಸ್ ಬುಸ್ ಎಂದು ಗಾಳಿ ಬಂದರೆ ರಿಂಗು, ಲೈನರ್ ಸವೆದಿವೆ. ಸೈಲೆನ್ಸರಿನಲ್ಲಿ ಸಿಳ್ಳಿನಂಥ ಸದ್ದಾದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆಯಿಂದಾದರೆ ಇನ್ನೊಂದು ವಾಲ್ವ್, ರೇಡಿಯೇಟರ್ ನೀರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ವಾಲ್ವ್ ಎಂದ ಕೂಡಲೇ ಹೆಡ್ ಇಳಿಸಬೇಕಿಲ್ಲ. ವರ್ಷಗಟ್ಟಲೆ ಟ್ಯಾಪೆಟ್ ಸೆಟ್ ಮಾಡಿಸದಿದ್ದರೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಕಂಪನಿಯ ಪುಸ್ತಕ ಹೇಳುವಷ್ಟು ಸಂದಿ ಬಿಟ್ಟು ಕೂರಿಸಲು ಮೆಕ್ಯಾನಿಕ್‌ಗೆ ಅರ್ಧ ದಿನ ಸಾಕು. ರಿಂಗೂ ಲೈನರೂ ಸವೆದಿರುವುದು ಖಾತ್ರಿಯಾದರೆ ಮಾತ್ರ ಎಂಜಿನ್ ಕೆಲಸ ತಪ್ಪಿದ್ದಲ್ಲ.

ಅಂದಹಾಗೆ, ಕರ್ನಾಟಕದ ಚಳಿಗೆ ಡೀಸೆಲ್ ಎಂಜಿನ್ ಹೆದರಬೇಕಾದ ಕಾರಣವಿಲ್ಲ. ಬೀದರಿನ ಡಿಸೆಂಬರಿನಲ್ಲೂ ಸರಿಯಿರುವ ಎಂಜಿನ್ ಎರಡು ಮೂರು ಸೆಕೆಂಡಿನಲ್ಲಿ ಎದ್ದೇಳಬೇಕು. ದಿನಾ ಬೆಳಗ್ಗೆ ಒಲೆ ಹೊತ್ತಿಸಿ ನೀರು ಕಾಯಿಸಿ ರೇಡಿಯೇಟರಿಗೆ ಸುರಿಯುವ ಪರಿಸ್ಥಿತಿ ಇದ್ದರೆ ದೂಷಿಸಬೇಕಾದದ್ದು ಚಳಿಯನ್ನಲ್ಲ, ಬ್ಯಾಟರಿಯನ್ನೋ ಕಂಪ್ರೆಷನ್ನನ್ನೋ.

ಸಹನೆ ಕೆಟ್ಟಾಗ ಮಾಡುವ ಎರಡು ಕೆಲಸಗಳನ್ನು ದಯವಿಟ್ಟು ಮಾಡಬೇಡಿ. ಏರ್ ಫಿಲ್ಟರ್ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿದು ಸ್ಟಾರ್ಟ್ ಮಾಡುವುದು ಒಂದು. ಅದು ಬೇಕಾದ ಹೊತ್ತಿಗಿಂತ ಮೊದಲೇ ಹೊತ್ತಿಕೊಂಡು ರಿಂಗು ಪಿಸ್ಟನ್ ಒಡೆಯುತ್ತದೆ, ಹೀಟರ್ ಇರುವ ಗಾಡಿಯಾದರೆ ಬೆಂಕಿ ಮುಖಕ್ಕೇ ಹೊಡೆಯುತ್ತದೆ. ಇನ್ನೊಂದು ಇದಕ್ಕಿಂತ ಘೋರ: ನೆಲದ ಮೇಲೆ ನಿಂತು ಸೆಲ್ಫ್ ಮೋಟಾರಿನ ಎರಡು ಟರ್ಮಿನಲ್‌ಗಳಿಗೆ ಸ್ಕ್ರೂಡ್ರೈವರ್ ತಾಗಿಸಿ ಸ್ಟಾರ್ಟ್ ಮಾಡುವುದು. ಹಾಗೆ ಮಾಡುವವನು ನಿಂತಿರುವುದು ಹಿಂದಿನ ದೊಡ್ಡ ಚಕ್ರದ ಮುಂದೆ. ಸೇಫ್ಟಿ ಸ್ವಿಚ್ಚಿನ ಕಾವಲು ತಪ್ಪಿಸಿದ್ದಾಗಿದೆ, ಗೇರಿನಲ್ಲಿದ್ದ ಗಾಡಿ ಸ್ಟಾರ್ಟ್ ಆದ ಕೂಡಲೇ ಅವನ ಮೇಲೆಯೇ ಹರಿಯುತ್ತದೆ. ಹಳೆಯ ಟ್ರ್ಯಾಕ್ಟರನ್ನು ಯಾವಾಗಲೂ ಸೀಟಿನ ಮೇಲೆ ಕೂತೇ ಸ್ಟಾರ್ಟ್ ಮಾಡಿ.

ಮುಂದಿನ ಸುಗ್ಗಿ ಮುಗಿದು ಗಾಡಿ ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿಡಿ, ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿಡಿ, ಸೈಲೆನ್ಸರಿಗೆ ಡಬ್ಬಿ ಮುಚ್ಚಿ. ಹದಿನೈದು ದಿನಕ್ಕೊಮ್ಮೆ ಅರ್ಧ ತಾಸು ಓಡಿಸಿದರೆ ರ‍್ಯಾಕ್ ಅಂಟುವುದಿಲ್ಲ, ಬ್ಯಾಟರಿಯೂ ಉಳಿಯುತ್ತದೆ. ಇಷ್ಟಾಗಿಯೂ ಗಾಡಿ ಏಳದೆ, ಬಂದ ಮೇಸ್ತ್ರಿ ಪಂಪಿಗೆ ಪಾನಾ ಹಾಕಲು ಹೊರಟರೆ ಅವನನ್ನು ಎರಡೇ ಮಾತು ಕೇಳಿ: ‘ಅರ್ಥ್ ಕೇಬಲ್ ಉಜ್ಜಿ ನೋಡಿದೆಯಾ? ನಾಝಲ್ ನಟ್ಟು ಸಡಿಲಿಸಿ ಡೀಸೆಲ್ ಬರುತ್ತಾ ನೋಡಿದೆಯಾ?’ ಎರಡಕ್ಕೂ ಹೌದು ಎಂಬ ಉತ್ತರ ಬರುವವರೆಗೆ ಪಂಪ್ ಮುಟ್ಟಲು ಬಿಡಬೇಡಿ.